ನೇಯ್ಗೆ ಕೆಟ್ಟ ಜಾಗ

"ಸರ್, ಕತ್ತರಿಸಬ್ಯಾಡ್ರಿ..."

ಮಾತು ಖುಶನುಮಾಳ ಬಾಯಿಂದ ಹೊರಬಿದ್ದಿತ್ತು. ವಿದ್ಯಾಗಿರಿಯ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಮುಜಮ್ಮಿಲನಿಗೆ ಅದು ಮೊದಲ ದಿನ. ಅವಳು ಎಂಡೋಸ್ಕೋಪಿ ಕೋಣೆಯ ನರ್ಸ್.

ಮಂಪರಿನಲ್ಲಿ ಮಲಗಿದ್ದವನು ಇಳಕಲ್ಲಿನ ನೇಕಾರ ಶಂಕ್ರಪ್ಪ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದ ಪಕ್ಕದ ಮನೆಯ ಕಾಕಾ. ಪರದೆಯ ಮೇಲೆ ಅವನ ದೊಡ್ಡಕರುಳು, ಅದರೊಳಗೆ ದೊಡ್ಡದೊಂದು ಗಂಟು. ಅದನ್ನು ತುಂಡು ತುಂಡಾಗಿ ತೆಗೆಯಲು ಡಾಕ್ಟರ್ ತಂತಿಯ ಕುಣಿಕೆ ಬಿಚ್ಚಿದ್ದ.

"ಯಾಕ್ರಿ ಸಿಸ್ಟರ್?"

"ಗಂಟಿನ ಮ್ಯಾಲ ಎಲ್ಲಾ ಕಡೆ ಒಂದ ಸವನ ಗೆರಿ ಅದಾವ್ರಿ. ಆ ಮೂಲ್ಯಾಗ ಅಷ್ಟ ಅಳಿಸಿ ಹೋಗ್ಯಾವ. ನೇಯ್ಗಿ ಕೆಟ್ಟಂಗ..."

ಅವನು ಬೆಳಕಿನ ಬಣ್ಣ ಬದಲಿಸಿ ಬಹಳ ಹೊತ್ತು ನೋಡಿದ. ಕತ್ತರಿಸದೆಯೇ ನಳಿಕೆ ಹೊರತೆಗೆದ.

"ಇದು ಇಡಿಯಾಗಿ ಬರಬೇಕು. ತುಂಡಾದ್ರ ಒಳಗ ಏನರ ಉಳದೈತೋ ಇಲ್ಲೋ ತಿಳಿಯೂದಿಲ್ಲ" ಎಂದು ಕಾಕಾನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದ. ಆಮೇಲೆ ಮೂರು ವಾರ ಅವಳೊಂದಿಗೆ ಮಾತೇ ಇಲ್ಲ!

'ಎಲ್ಲರ ಮುಂದ ಅವಮಾನ ಆತೇನೋ...'

ಬೇರೆ ವಾರ್ಡು ಬೇಡುವ ಅರ್ಜಿ ಹಿಡಿದು ಅವಳು ಅವನ ಕೋಣೆಗೆ ಹೋದಳು.

"ಬರ್ರಿ. ರಿಪೋರ್ಟ್ ಬಂತು. ಕ್ಯಾನ್ಸರ್ ಆಗಿತ್ತು, ಈಗಷ್ಟ ಸುರುವಾಗಿತ್ತು. ಪೂರಾ ತಗದಾರ. ತಗದ ಗಂಟಿನ ಅಂಚೆಲ್ಲಾ ಸ್ವಚ್ಛ, ಒಳಗ ಏನೂ ಉಳದಿಲ್ಲ."

"ಕಾಕಾ?"

"ಮಗ್ಗಕ್ಕ ಯಾವಾಗ ಕೂಡ್ಲಿ ಅಂತ ಎಲ್ಲಾರ ಜೀವಾ ತಿನ್ನಾಕತ್ತಾನಂತ."

ಅವಳು ಅಳುತ್ತಲೇ ನಕ್ಕಳು. "ಮತ್ತ ನನ್ನ ಕೂಡ ಮಾತು ಯಾಕ ಬಿಟ್ಟಿದ್ರಿ?"

"ಹೆದರಿದ್ದೆ. ಇಂಥಾವು ಎಷ್ಟು ಬಿಟ್ಟೇನೋ ಅಂತ ಹಿಂದಿನ ಆಸ್ಪತ್ರಿಯಾಗ ನಾ ತಗದ ಹಳೇ ಫೋಟೊ ಎಲ್ಲಾ ತರಸಿ ನೋಡಿದೆ."

"ಸಿಕ್ಕಾವೇನ್ರಿ?"

"ಎರಡು. ಇಬ್ಬರನ್ನೂ ತಿರುಗಿ ಕರಸೇನಿ." ಅವನ ದನಿ ತಗ್ಗಿತು. "ಸೋಮವಾರ ಬ್ಯಾರೆ ಊರಿನ ಡಾಕ್ಟರ್ ಕಲಿಯಾಕ ಬರ್ತಾರ. ಹೆಂಗ ನೋಡೂದು ಅಂತ ಅವರಿಗೆ ನೀವ ಹೇಳ್ಕೊಡ್ರಿ. ಯಾರು ಕಲಿಸಿದ್ರು ನಿಮಗ?"

"ದಾದಿಮಾ, ನಮ್ಮಪ್ಪನ ಅವ್ವ. ಸೀರಿ ಬೆಳಕಿಗೆ ಹಿಡದು, ತಪ್ಪು ಹುಡುಕಬ್ಯಾಡ, ಗೆರಿ ಹಿಡದು ಹೋಗು, ಕೆಟ್ಟಲ್ಲಿ ಕಣ್ಣು ತಾನ ನಿಲ್ತೈತಿ ಅಂತಿದ್ಲು."

ಅವನು ಮೆಚ್ಚುಗೆಯಿಂದ ಅವಳನ್ನೇ ನೋಡಿದ. "ಕೈಯಾಗೇನದು?"

"ಏನಿಲ್ರಿ..." ಅರ್ಜಿ ಮುಷ್ಟಿಯಲ್ಲಿ ಮುದ್ದೆಯಾಯಿತು.

"ನಮ್ಮ ಅಮ್ಮಿನ್ನ ಕರಕೊಂಡು ಇಳಕಲ್ಲಿಗೆ ಬರಬೇಕಂತ ಮಾಡೇನಿ."

"ಸೀರಿ ತಗೊಳ್ಳಾಕೇನ್ರಿ?"

"ಸೀರಿ ಉಡಾಕೀನ್ನ ಕೇಳಾಕ, ನಿಮ್ಮ ಮನಿಗೆ."

ಅವಳು ತಲೆ ತಗ್ಗಿಸಿದಳು. ಕೆನ್ನೆ ಬಿಸಿಯಾಗಿತ್ತು.

"ನನಗ ಶಂಕ್ರಪ್ಪಕಾಕಾ ನೇಯ್ದದ್ದ ಬೇಕು. ಅವ ಮಗ್ಗಕ್ಕ ಕೂಡೂತನಕಾ ಕಾಯ್ತೀರೇನ್ರಿ?"

"ಕಾಯ್ತೇನಿ, ಖುಶನುಮಾ."