ಇನ್ನರ್ಧ ಪೂಜಿತಾಳದ್ದು

"ಸರ್, ಪೂಜಿತಾ ಬಂದಾರ್ರಿ. ಅಲ್ಲೇ ಕಂಬದ ಹಿಂದ ಕುಂತಾರ ನೋಡ್ರಿ."

ಮುಂದಿನ ಬೆಂಚಿನಿಂದ ಬಂದ ಆ ಮಾತಿಗೆ ಇಡೀ ತರಗತಿ ಹಿಂದಕ್ಕೆ ತಿರುಗಿತು.

ಪೂಜಿತಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಲೇಜು ಸೇರಿ ಹದಿನೈದು ದಿನ ಆ ಕಂಬವೇ ಅವಳನ್ನು ಕಾಪಾಡಿತ್ತು. ಬಳ್ಳಾರಿಯ ಈ ಎಂ.ಎ. ಇಂಗ್ಲಿಷ್ ತರಗತಿಯಲ್ಲಿ ಚಿದಾನಂದಪ್ಪ ಸರ್ ದಿನಕ್ಕೊಬ್ಬರನ್ನು ಎಬ್ಬಿಸಿ ಪಠ್ಯದ ಕಾದಂಬರಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಸಿರುಗುಪ್ಪದಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಕಲಿತ ಪೂಜಿತಾ ಹಾಜರಿಗೆ ಮೆಲ್ಲಗೆ "ಎಸ್ ಸರ್" ಎಂದು ಕಂಬದ ಮರೆಗೆ ಸರಿದುಬಿಡುತ್ತಿದ್ದಳು. ಇವತ್ತು ಆ ಮೆಲುದನಿ ಸರ್ ಕಿವಿಗೆ ಬಿದ್ದಿರಲಿಲ್ಲ.

"ಓಹೋ, ಅಲ್ಲಿದ್ದೀಯೇನಮ್ಮ? ಬಾ ಮುಂದಕ್ಕೆ. ಈ ಪುಟ ಓದು."

ಓದಿದಳು. ಸೈನ್ಯದ 'ಕರ್ನಲ್' ಎಂಬ ಪದವನ್ನು ಬರೆದಿದ್ದ ಹಾಗೇ 'ಕೊಲೊನೆಲ್' ಎಂದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಒಂದು ಪುಟ ಮುಗಿಯುವಷ್ಟರಲ್ಲಿ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು.

ತರಗತಿ ಬಿಟ್ಟದ್ದೇ ತಡ, ಅವಳು ಗೇಟಿನ ಹತ್ತಿರ ಸರ್‌ಗೆ ತನ್ನ ಹೆಸರು ಹೇಳಿದ ಆ ಹುಡುಗನನ್ನು ಅಡ್ಡಗಟ್ಟಿದಳು. ಎತ್ತರದ ಆಳು, ಗುಂಗುರು ಕೂದಲು. ಕುರುಗೋಡಿನಿಂದ ಬರುವ ಪರಶು ಎಂಬಷ್ಟು ಮಾತ್ರ ಅವಳಿಗೆ ಗೊತ್ತಿತ್ತು.

"ನನ್ನ ಹೆಸರು ಹೇಳಂತ ನಿಮಗ ಯಾರು ಕೇಳಿದ್ರು?"

ಅವನು ಗಾಬರಿಯಾದ. "ಸರ್ ನಿಮಗ ಆಬ್ಸೆಂಟ್ ಹಾಕಾಕತ್ತಿದ್ರು. ಹಾಜರಿ ಕಮ್ಮಿ ಆದ್ರ ಪರೀಕ್ಷಾಕ ಕೂಡ್ಸಂಗಿಲ್ಲಲ್ರಿ... ಅದಕ್ಕ ಹೇಳಿದೆ."

"ನಾ ಫೇಲ್ ಆದ್ರ ನಿಮಗೇನು?"

ಅವನ ಕಿವಿ ಕೆಂಪಾಯಿತು, ಕಣ್ಣು ತಗ್ಗಿಸಿದ.

ಮರುವಾರ ಸೆಮಿನಾರ್‌ಗೆ ಇಬ್ಬಿಬ್ಬರ ಜೋಡಿ ಮಾಡುವಾಗ ಚಿದಾನಂದಪ್ಪ ಸರ್ ಪಟ್ಟಿ ಓದಿದರು. "ಕುರುಗೋಡು ಪರಶು, ಸಿರುಗುಪ್ಪ ಪೂಜಿತಾ. ಇಬ್ಬರೂ ಬಸ್ಸಿನವರು. ಮಧ್ಯಾಹ್ನ ಊಟದ ಹೊತ್ತಿಗೆ ಕೂತು ತಯಾರಿ ಮಾಡ್ರಿ."

'ದೇವರೇ, ಇವನೇ ಆಗಬೇಕಿತ್ತಾ...' ಎಂದುಕೊಂಡಳು ಪೂಜಿತಾ.

ಸೆಮಿನಾರ್ ಇದ್ದದ್ದು ಅದೇ ಪಠ್ಯದ ಕಾದಂಬರಿಯ ಮೇಲೆ. ಅದು ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ಕಾದಂಬರಿ. ಯಾರ ಕಣ್ಣಿಗೂ ಕಾಣದಂತಾಗುವ ವಿದ್ಯೆ ಕಂಡುಹಿಡಿದ ವಿಜ್ಞಾನಿಯೊಬ್ಬನ ಕಥೆ. ಅವನ ಮೈಯೇನೋ ಮಾಯವಾಗುತ್ತದೆ, ಹಾಕಿಕೊಂಡ ಬಟ್ಟೆ ಮಾಯವಾಗುವುದಿಲ್ಲ. ಹಾಗಾಗಿ ಕಾಣದಿರಬೇಕೆಂದರೆ ಕೊರೆಯುವ ಚಳಿಯಲ್ಲೂ ಬರಿಮೈಯಲ್ಲಿ ತಿರುಗಬೇಕು.

ಮೊದಲ ಎರಡು ದಿನ ಕಾಲೇಜಿನ ಬೇವಿನ ಮರದ ಕೆಳಗೆ ಇಬ್ಬರೂ ಮುಖ ಬಿಗಿದುಕೊಂಡೇ ಓದಿದರು. ಮೂರನೆಯ ದಿನ ಪರಶು ಒಂದು ಸಾಲಿನ ಹತ್ತಿರ ಓದು ನಿಲ್ಲಿಸಿದ.

"ಇದು ಯಾಕೋ ತಿಳಿವಲ್ದು ನೋಡ್ರಿ. ಊಟ ಮಾಡಿದ ಮ್ಯಾಲೆ ಅಂವ ಯಾಕ ಅಡಗಿ ಕುಂದರ್ತಾನ?"

"ಅಷ್ಟೂ ತಿಳೀಲಿಲ್ಲೇನ್ರಿ? ಉಂಡದ್ದು ಹೊಟ್ಟ್ಯಾಗ ಕರಗೋತನ ಹೊರಗ ಕಾಣ್ತೈತಿ. ಮೈ ಇಲ್ದ ಬರೇ ಊಟ ನಡಕೊಂತ ಹೋದ್ರ ಮಂದಿ ಸುಮ್ನಿರ್ತಾರ?"

ಹೇಳಿದ ಮೇಲೆ ಅವಳಿಗೇ ನಗು ಬಂತು. ಅವನೂ ನಕ್ಕ. ಅವನು ತಂದಿದ್ದ ಮಿರ್ಚಿ ಬಜ್ಜಿ ಅವಳ ಡಬ್ಬಿಗೆ ಬಂತು. ಅವಳ ರೊಟ್ಟಿ ಅವನ ಕೈಗೆ ಹೋಯಿತು.

ಅಂದಿನಿಂದ ಪೂಜಿತಾಳಿಗೆ ಊಟದ ಗಂಟೆ ಯಾವಾಗ ಹೊಡೆಯುತ್ತದೋ ಎನ್ನುವಂತಾಯಿತು. ಅವಳು ತಪ್ಪು ಓದಿದರೆ ಅವನು ನಗುತ್ತಿರಲಿಲ್ಲ. ಅದೇ ಪದವನ್ನು ತನ್ನ ಸಾಲಿನಲ್ಲಿ ಸರಿಯಾಗಿ ಓದಿ ಮುಂದೆ ಹೋಗುತ್ತಿದ್ದ. ಅವಳು ತಿದ್ದಿಕೊಳ್ಳುತ್ತಿದ್ದಳು. ಪುಟ ಮಗುಚುವಾಗ ಒಮ್ಮೊಮ್ಮೆ ಇಬ್ಬರ ಬೆರಳು ತಾಕುತ್ತಿದ್ದವು. ಆಗ ಇಬ್ಬರೂ ಪುಸ್ತಕವನ್ನೇ ನೋಡುತ್ತಿದ್ದರು, ಆದರೆ ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ...

ಸಂಜೆ ಮನೆಗೆ ಬಂದು ಅವಳು ಅಂದಿನ ಅಧ್ಯಾಯವನ್ನು ಅವ್ವ ಎಲ್ಲಮ್ಮನಿಗೂ ಅಪ್ಪ ಎರ್ರಣ್ಣನಿಗೂ ಕನ್ನಡದಲ್ಲಿ ಹೇಳುತ್ತಿದ್ದಳು.

ಎಲ್ಲಮ್ಮನಿಗೆ ಆ ವಿಜ್ಞಾನಿಯ ಮೇಲೆ ಮೊದಲಿನಿಂದಲೂ ಸಿಟ್ಟು. "ಅಷ್ಟು ಓದ್ಯಾನಂತಿ, ಮೈ ಮಾಯ ಮಾಡೋಕಿಂತ ಮೊದ್ಲು ಒಂದು ಅಂಗಿ ಮಾಯ ಮಾಡೋದು ಕಲೀಬಾರ್ದೇನು? ಚಳ್ಯಾಗ ಸಾಯಾಕತ್ತಾನ."

ಎರ್ರಣ್ಣ ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಗಾರ. ಎಷ್ಟು ತೊಳೆದರೂ ಹುಬ್ಬಿನಲ್ಲಿ ತೌಡಿನ ಪುಡಿ ಉಳಿದೇ ಇರುತ್ತಿತ್ತು. ಅವನು ಚಹಾ ಹೀರುತ್ತಾ ಹೇಳಿದ:

"ಅವನ ಬೆನ್ನು ಹತ್ತಿದ ಆ ಊರಿನ ಪೊಲೀಸರಿಗೆ ಬುದ್ಧಿ ಇಲ್ಲವ್ವ. ಅವನ್ನ ನಮ್ಮ ಮಿಲ್ಲಿಗೆ ಕರಕೊಂಡು ಬರ್ಬೇಕಿತ್ತು. ಐದು ನಿಮಿಷದಾಗ ಮೈತುಂಬ ತೌಡು ಕುಂತು ಬೆಳ್ಳಗ ಕಾಣ್ತಿದ್ದ. ನನ್ನಂಗ."

ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮರುದಿನ ಪೂಜಿತಾ ಅದನ್ನು ಪರಶುಗೆ ಹೇಳಿದಳು. ಅವನು ನಗುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. "ಭಾರಿ ಮಾತು ಹೇಳ್ಯಾರ್ರಿ ನಿಮ್ಮಪ್ಪಾರು."

ಅಪ್ಪ ಮಿಲ್ಲಿನ ಕೆಲಸಗಾರ ಎಂದು ಕಾಲೇಜಿನಲ್ಲಿ ಅವಳು ಬೇರೆ ಯಾರಿಗೂ ಹೇಳಿರಲಿಲ್ಲ. ಇವನೊಬ್ಬನಿಗೆ ಹೇಳಿದ್ದಳು. ಏಕೆಂದು ತನ್ನನ್ನೇ ಕೇಳಿಕೊಂಡರೆ ಎದೆ ಡವಡವ ಎನ್ನುತ್ತಿತ್ತು.

ಸೆಮಿನಾರ್ ದಿನ ಬಂತು. ಕಥೆಯ ಹಿನ್ನೆಲೆ ಪರಶು ಹೇಳಬೇಕು, ಆ ಮನುಷ್ಯನ ಗುಣಸ್ವಭಾವ ಪೂಜಿತಾ ಹೇಳಬೇಕು ಎಂದು ಹಂಚಿಕೊಂಡಿದ್ದರು. ಆದರೆ ತೆಕ್ಕಲಕೋಟೆಯ ಹತ್ತಿರ ಭತ್ತದ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಕೆಟ್ಟು ನಿಂತಿತ್ತು. ಅವಳ ಬಸ್ಸು ಅಲ್ಲಿಂದ ಕದಲಲಿಲ್ಲ. 'ತಡ ಆಗ್ತೈತಿ, ನೀವು ಶುರು ಮಾಡ್ರಿ' ಎಂದು ಅವನಿಗೆ ಮೆಸೇಜ್ ಹಾಕಿದಳು.

ಬಳ್ಳಾರಿಯಲ್ಲಿಳಿದು ಏದುಸಿರು ಬಿಡುತ್ತಾ ತರಗತಿಯ ಬಾಗಿಲಿಗೆ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಒಳಗೆ ಪರಶು ಮಾತಾಡುತ್ತಿದ್ದ. ಬೋರ್ಡಿನ ಮೇಲೆ ಅವನೊಬ್ಬನದೇ ಹೆಸರಿತ್ತು.

"...ಸಿರುಗುಪ್ಪದ ಮಿಲ್ಲಿಗೆ ಬಂದಿದ್ರ ಐದು ನಿಮಿಷದಾಗ ಮೈತುಂಬ ತೌಡು ಕುಂತು ಬೆಳ್ಳಗ ಕಾಣ್ತಿದ್ದ ಅಂತ..."

ತರಗತಿ ಘೊಳ್ಳೆಂದು ನಕ್ಕಿತು. ಬೆಂಚು ತಟ್ಟಿ ನಕ್ಕಿತು.

ಪೂಜಿತಾ ಹೊಸಿಲಲ್ಲೇ ನಿಂತುಬಿಟ್ಟಳು.

'ನನ್ನಪ್ಪ... ನನ್ನಪ್ಪನ ಮೈಮೇಲಿನ ತೌಡು ಇವರಿಗೆಲ್ಲ ನಗೆಪಾಟಲಾಯಿತಲ್ಲ. ನಂಬಿ ಹೇಳಿದ ಮಾತನ್ನು ಚಪ್ಪಾಳೆಗಾಗಿ ಬಳಸಿಕೊಂಡನಲ್ಲ...'

ಬಂದ ದಾರಿಯಲ್ಲೇ ತಿರುಗಿದಳು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಮೊದಲು ಮಾಡಿದ ಕೆಲಸವೆಂದರೆ ಪರಶುವಿನ ನಂಬರ್ ಬ್ಲಾಕ್ ಮಾಡಿದ್ದು. ಎರಡನೆಯದು ಅತ್ತದ್ದು.

ಐದು ದಿನ ಅವಳು ಫೋನ್ ಆಫ್ ಮಾಡಿಟ್ಟಳು, ಕಾಲೇಜಿನ ಕಡೆ ಹೋಗಲಿಲ್ಲ. ತಲೆನೋವು ಎಂದಳು, ರಜೆ ಎಂದಳು. ಆರನೆಯ ದಿನ ಬೆಳಿಗ್ಗೆ ಎರ್ರಣ್ಣ ಕೆಲಸಕ್ಕೆ ಹೊರಟವನು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಅವಳೆದುರು ಕುಳಿತ.

"ಪೂಜಿ, ಏನಾತು ಹೇಳು. ನಾ ಮಿಲ್ಲಿಗೆ ಲೇಟ್ ಆದ್ರೂ ಚಿಂತಿಲ್ಲ."

"ನಾ ಕಾಲೇಜು ಬಿಡ್ತೀನಪ್ಪ. ಅಲ್ಲಿ... ನಿನ್ನ ಮಾತಿಗೆ ಎಲ್ಲಾರೂ ನಕ್ರು."

"ಯಾವ ಮಾತಿಗೆ?"

"ಅದೇ... ತೌಡಿನ ಮಾತು."

ಎರ್ರಣ್ಣನ ಮೀಸೆಯಡಿ ನಗು ಅಲುಗಿತು.

"ಎಷ್ಟು ಮಂದಿ ನಕ್ರು?"

"ಇಡೀ ಕ್ಲಾಸು. ನಲವತ್ತು ಮಂದಿ."

"ಬಳ್ಳಾರ್ಯಾಗ, ಎಂ.ಎ. ಓದೋ ನಲವತ್ತು ಮಂದಿ ನನ್ನ ಮಾತಿಗೆ ನಕ್ರು." ಅವನು ಬಾಗಿಲ ಕಡೆ ತಿರುಗಿ ಕೂಗಿದ: "ಎಲ್ಲಮ್ಮ, ಕೇಳಿದೇನು? ಮಿಲ್ಲಿನಾಗ ಒಬ್ರೂ ನಗಂಗಿಲ್ಲ."

"ಅಪ್ಪಾ, ನಾ ಅಳಾಕತ್ತೀನಿ. ನೀ ನೋಡಿದ್ರ..."

"ನಗ್ಲಿ ಅಂತ ಹೇಳಿದ ಮಾತಿಗೆ ಮಂದಿ ನಕ್ಕಾರ. ಅದ್ರಾಗ ತಪ್ಪೇನೈತಿ ತಾಯಿ?" ಅವನ ದನಿ ಮೆತ್ತಗಾಯಿತು. "ನನಗ ನಾಚಿಕಿಲ್ಲ. ನಿನಗ ಐತೇನು?"

ಪೂಜಿತಾ ತಲೆ ತಗ್ಗಿಸಿದಳು. ಆ ಪ್ರಶ್ನೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತ್ತು. ಅಪ್ಪನ ಕೆಲಸವನ್ನು ಇಷ್ಟು ದಿನ ಮುಚ್ಚಿಟ್ಟವಳು ತಾನೇ ಅಲ್ಲವೇ...

ಅವಳು ಎದ್ದು ಮುಖ ತೊಳೆದುಕೊಂಡಳು. ಒಂಬತ್ತು ಗಂಟೆಯ ಬಸ್ಸಿಗೆ ಹೊರಟಳು.

ಅವಳನ್ನು ಕಂಡದ್ದೇ ಗೆಳತಿ ಜ್ಯೋತಿಲಕ್ಷ್ಮಿ ಓಡಿ ಬಂದು ತೋಳು ಹಿಡಿದಳು. "ಎಲ್ಲಿ ಸತ್ತಿದ್ದೆ ಲೇ? ನಿನ್ನ ಫೋನ್ ಯಾಕ ಆಫ್ ಐತಿ? ಸರ್ ದಿನಾ ನಿನ್ನ ಕೇಳಾಕತ್ತಾರ."

ಸ್ಟಾಫ್ ರೂಮಿನಲ್ಲಿ ಚಿದಾನಂದಪ್ಪ ಸರ್ ಕನ್ನಡಕ ಏರಿಸಿ ನೋಡಿದರು.

"ಬಂದ್ಯಾ? ನಿಮ್ಮ ಸೆಮಿನಾರ್ ಇನ್ನೂ ಅರ್ಧಕ್ಕೇ ನಿಂತೈತಿ."

"ಪರಶು ಮುಗಿಸಿದ್ರಲ್ಲ ಸರ್?"

"ನೀ ಬಂದಿರ್ಲಿಲ್ಲಂತ ಬೋರ್ಡಿನ ಮ್ಯಾಲೆ ಅವನೊಬ್ಬನ ಹೆಸರು ಬರ್ದಿದ್ದೆ. ಅಂವ ತನ್ನ ಭಾಗ ಅಷ್ಟ ಹೇಳಿದ. ಇನ್ನರ್ಧನೂ ಹೇಳಿ ಮುಗಿಸು ಅಂದೆ. ಅದು ಪೂಜಿತಾಂದು, ನಾ ಮುಟ್ಟಂಗಿಲ್ಲ ಅಂದುಬಿಟ್ಟ. ಹಂಗಾದ್ರ ಮಾರ್ಕ್ಸ್ ಹಾಕಂಗಿಲ್ಲ ಅಂದೆ. ಬ್ಯಾಡ ಅಂದ." ಸರ್ ನಕ್ಕರು. "ಮತ್ತ ನಿಮ್ಮಪ್ಪ ಹೇಳಿದ್ದನ್ನ ಎಷ್ಟು ಮರ್ಯಾದಿಲೆ ಹೇಳಿದ ಅಂತಿ! 'ನಾವೆಲ್ಲ ವಾರಗಟ್ಟಲೆ ತಲಿ ಕೆಡಿಸ್ಕೊಂಡ್ವಿ, ಪೂಜಿತಾ ಅವರ ತಂದಿ ಒಂದ ಮಾತಿನಾಗ ಅವನ್ನ ಹಿಡಿದು ಕೊಟ್ರು' ಅಂದ. ಮಂದಿ ಬೆಂಚು ತಟ್ಟಿದ್ದು ಅದಕ್ಕ."

ಪೂಜಿತಾ ಅಂದು ಬಾಗಿಲಲ್ಲಿ ಕೇಳಿದ್ದು ಆ ಮಾತಿನ ಬಾಲವನ್ನು ಮಾತ್ರ.

"ಸರ್... ಉಳಿದರ್ಧ ನಾ ಇವತ್ತೇ ಹೇಳ್ತೀನ್ರಿ."

ಹೇಳಿದಳು. ಕೈಯಲ್ಲಿ ಚೀಟಿಯೂ ಇರಲಿಲ್ಲ. ಇಂಗ್ಲಿಷ್ ಎಡವಿದಲ್ಲಿ ನಿಂತು, ತಿದ್ದಿಕೊಂಡು ಮುಂದೆ ಹೋದಳು. "ನಮ್ಮ ತಂದೆ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ" ಎಂದೇ ಶುರು ಮಾಡಿದಳು. ಮಾಯವಾಗುವ ಮೊದಲೂ ಆ ವಿಜ್ಞಾನಿಯನ್ನು ವಿಚಾರಿಸುವವರು ಯಾರೂ ಇರಲಿಲ್ಲ, ಅವನೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಅವನ ಸಿಟ್ಟು ಮೈ ಮಾಯ ಮಾಡಿದ ಔಷಧಕ್ಕಿಂತ ಹಳೆಯದು ಎಂದಳು. ಇಪ್ಪತ್ತು ನಿಮಿಷ ಯಾರೂ ಅಲುಗಲಿಲ್ಲ.

ಆದರೆ ಅವಳ ಕಣ್ಣು ಹುಡುಕುತ್ತಿದ್ದ ಒಬ್ಬನೇ ಅಲ್ಲಿರಲಿಲ್ಲ.

"ಪರಶು ಅವರವ್ವನ ಕೈ ಮ್ಯಾಲೆ ಎಣ್ಣಿ ಸಿಡಿದೈತಂತ," ಎಂದಳು ಜ್ಯೋತಿಲಕ್ಷ್ಮಿ. "ಮೂರು ದಿನದಿಂದ ಅಂವನೇ ಅಂಗಡಿ ನಡಸಾಕತ್ತಾನ. ಕುರುಗೋಡು ಬಸ್‌ಸ್ಟ್ಯಾಂಡಿನ ಎದುರಿಗೇ, ಕೊಟ್ರಮ್ಮನ ಮಿರ್ಚಿ ಅಂಗಡಿ ಅಂದ್ರ ಯಾರಾದ್ರೂ ತೋರಿಸ್ತಾರ."

ಅಂದು ಮಧ್ಯಾಹ್ನ ಪೂಜಿತಾ ಮೊದಲ ಸಲ ಕುರುಗೋಡಿನ ಬಸ್ಸು ಹತ್ತಿದಳು.

ಅಂಗಡಿ ಸುಲಭವಾಗಿ ಸಿಕ್ಕಿತು. ಕೈಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕುಳಿತು ಮಗನಿಗೆ ಬುದ್ಧಿ ಹೇಳುತ್ತಿದ್ದರು.

"ಹಿಟ್ಟು ಅಷ್ಟು ತೆಳ್ಳಗ ಕಲಸ್ತಾರೇನೋ? ಹಿಂಗ ಕರದ್ರ ಗಿರಾಕಿ ಎಲ್ಲಾ ಓಡಿ ಹೋಗ್ತಾರ."

ಬಾಣಲೆಯ ಮುಂದೆ ಪರಶು ನಿಂತಿದ್ದ. ಮೊಣಕೈವರೆಗೆ ಕಡಲೆಹಿಟ್ಟು, ಹಣೆತುಂಬ ಬೆವರು. ತಲೆಯೆತ್ತಿದವನು ಅವಳನ್ನು ಕಂಡು ಜಾಲರಿ ಸೌಟು ಹಿಡಿದುಕೊಂಡೇ ನಿಂತುಬಿಟ್ಟ.

"ಹೊತ್ತಾಕತ್ತಾವ್ರಿ," ಎಂದಳು ಪೂಜಿತಾ.

"ಏನು?"

"ಮಿರ್ಚಿ."

ಕೊಟ್ರಮ್ಮ ಒಮ್ಮೆ ಮಗನ ಮುಖ ನೋಡಿದರು, ಒಮ್ಮೆ ಹುಡುಗಿಯ ಮುಖ ನೋಡಿದರು. "ಸಿರುಗುಪ್ಪದ ರೊಟ್ಟಿ ಹುಡುಗಿ ನೀನೇ ಏನವ್ವ? ಇವನ ಬಾಯಾಗ ದಿನಾ ನಿಂದೇ ಹೆಸರು. ಕುಂದ್ರು ಬಾ. ನಾ ಅಷ್ಟೊತ್ತಿಗೆ ಬಾಜೂ ಅಂಗಡ್ಯಾಗ ಉಳ್ಳಾಗಡ್ಡಿ ತರ್ತೀನಿ." ಅಂಗಡಿಯಲ್ಲಿ ಬುಟ್ಟಿತುಂಬ ಈರುಳ್ಳಿ ಇದ್ದೇ ಇತ್ತು. ಆದರೂ ಅವರು ಹೋದರು.

ಇಬ್ಬರೇ ಉಳಿದರು. ಪರಶು ಒಲೆ ಆರಿಸಿದ.

"ನಾ ಬಾಗಿಲ ತನಕ ಬಂದಿದ್ದೆ," ಎಂದಳು ಪೂಜಿತಾ. "ಅರ್ಧ ಮಾತು ಕೇಳಿ ಪೂರ್ತಿ ತಪ್ಪು ತಿಳ್ಕೊಂಡೆ. ನಿಮ್ಮ ನಂಬರ್ ಬ್ಲಾಕ್ ಮಾಡಿದೆ... ತಪ್ಪಾತ್ರಿ."

"ನಿಮ್ಮನ್ನ ಕೇಳದ ನಿಮ್ಮ ಮನಿ ಮಾತು ಹೇಳಬಾರ್ದಿತ್ತು ನಾನು. ಅದು ನಂದ ತಪ್ಪು." ಅವನು ಕೈಗಂಟಿದ ಹಿಟ್ಟು ಉಜ್ಜುತ್ತಾ ನಿಂತ. "ಇನ್ನೊಂದು ತಪ್ಪು ಐತಿ. ಅದನ್ನೂ ಹೇಳಿಬಿಡ್ತೀನಿ."

"ಏನು?"

"ಆ ಕಾದಂಬರಿ ನಾ ಡಿಗ್ರ್ಯಾಗಿದ್ದಾಗ್ಲೇ ಎರಡು ಸಲ ಓದಿದ್ದೆ. ತಿಳಿವಲ್ದು ಅಂದಿದ್ದೆಲ್ಲಾ ಸುಳ್ಳು."

"ಮತ್ತ್ಯಾಕ..."

"ಲಗೂನ ಮುಗಿದ್ರ ಮರುದಿನದಿಂದ ನೀವು ಮರದ ಕೆಳಗ ಬರ್ತಿದ್ದಿಲ್ಲಲ್ಲ. ಅದಕ್ಕ." ಅವನ ಕಿವಿ ಮತ್ತೆ ಕೆಂಪಾಗಿತ್ತು. ಆದರೆ ಈ ಸಲ ಕಣ್ಣು ತಗ್ಗಿಸಲಿಲ್ಲ. "ಪೂಜಿತಾ, ನಿಮ್ಮನ್ನ ಬಿಟ್ರ ನನಗ ಬ್ಯಾರೆ ಏನೂ ತಿಳಿವಲ್ದು. ಇದು ಮಾತ್ರ ಸುಳ್ಳಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಪೂಜಿತಾಳಿಗೆ ಅದು ಎಲ್ಲೋ ದೂರದ ಊರಿನಲ್ಲಿ ಹೊಡೆದಂತೆ ಕೇಳಿಸಿತು.

ನಿಧಾನವಾಗಿ ಹೇಳಿದಳು: "ನನಗೂ ಹಂಗ ಆಗೈತ್ರಿ... ಅಪ್ಪನ ಮುಂದ ನಾನ ಹೇಳ್ತೀನಿ. ನೀವು ಒಂದಿನ ಮನಿಗೆ ಬಂದು ಅವರ ಕೂಡ ಮಾತಾಡ್ಬೇಕು."

"ನಾಳೆನೇ ಬರ್ಲೇನು?"

"ಮೊದಲು ನಿಮ್ಮವ್ವನ ಕೈ ವಾಸಿ ಆಗ್ಲಿ."

ಬಳ್ಳಾರಿಯ ಬಸ್ಸು ಬಂದು ನಿಂತಿತು. ಹಿಟ್ಟಿನ ಕೈಯಲ್ಲೇ ಪರಶು ಅವಳ ಜೊತೆ ರಸ್ತೆ ದಾಟಿ ಬಂದ. ಅವಳು ಕಿಟಕಿಯ ಪಕ್ಕ ಕುಳಿತಳು.

"ಹುಷಾರಾಗಿ ಹೋಗ್ರಿ," ಎಂದ.

"ಇನ್ನೂ 'ರಿ' ಏನು?"

ಅವನು ಅತ್ತಿತ್ತ ನೋಡಿದ. ಕೊನೆಗೆ ಮೆಲ್ಲಗೆ ಅಂದ:

"ಹೋಗು."

"ಹೋಗು ಅನಬಾರ್ದು," ಎಂದು ನಕ್ಕಳು ಪೂಜಿತಾ.

ಬಸ್ಸು ಹೊರಟಿತು. ಅವನು ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದ.

"ಹೋಗಿ ಬಾ, ಪೂಜಿ."

"ಬರ್ತೀನಿ."