ಹಾಲವ್ವನ ರೇಡಿಯೋ, ಸಂಜಯನ ನಾಯಿ

ಹಿಂದೆ ನಾಯಿ. ಮುಂದೆ ನಾನು. ನನ್ನ ಸ್ಕೂಟಿಯಲ್ಲಿ, ಕಾಲಿಡುವ ಜಾಗದಲ್ಲಿ, ಒಂದು ಸಿ.ಪಿ.ಯು!

ಬೀದಿನಾಯಿಯಾಗಿದ್ದರೆ ಹೆದರುತ್ತಿರಲಿಲ್ಲ. ಇದು ಮುಧೋಳದ ತಳಿ. ಮೈಯೆಲ್ಲ ಕಾಲು! ಚಿಮ್ಮಡದ ರಸ್ತೆಯಲ್ಲಿ ನಾನು ನಲವತ್ತರ ಸ್ಪೀಡಿನಲ್ಲಿದ್ದೆ... ಅದು ಆರಾಮಾಗಿ ಪಕ್ಕದಲ್ಲೇ ಓಡುತ್ತಾ ನನ್ನ ಮುಖ ನೋಡುತ್ತಿತ್ತು.

ನಾಯಿಯ ಹಿಂದೆ ಜೀಪು. ಜೀಪಿನಿಂದ ಹೊರಗೆ ಚಾಚಿದ ಒಂದು ತಲೆ.

"ಏ ಮಧುಮತಿ! ಗಾಡಿ ನಿಲ್ಲಸು! ಆ ಡಬ್ಬಿ ಕೊಟ್ಟು ಹೋಗು!"

ಸಂಜಯ. ಜಮಖಂಡಿಯಲ್ಲಿ ಅವನದು ರೆಕಾರ್ಡಿಂಗ್ ಸ್ಟುಡಿಯೋ.

"ತಗೊಂಡು ಏನ್ ಮಾಡ್ತೀಲೇ? ಆನ್ ಮಾಡಾಕ ಬರತೈತೇನು ನಿನಗ?"

ನಾಯಿ ಮೂತಿ ಚಾಚಿತು. ನನ್ನ ಕಾಲಿಗಲ್ಲ... ಹ್ಯಾಂಡಲ್ಲಿಗೆ ನೇತುಹಾಕಿದ್ದ ಬುತ್ತಿ ಚೀಲಕ್ಕೆ!

ಅಷ್ಟೇನಾ? ಒಂದೇ ಕೈಯಲ್ಲಿ ಚೀಲ ಬಿಚ್ಚಿ ಎಸೆದೆ. ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ. ನಾಯಿ ಗಕ್ಕನೆ ನಿಂತಿತು. ಅದರ ಮೇಲೆ ಹಾಯಬಾರದೆಂದು ಜೀಪಿಗೂ ಬ್ರೇಕು ಬಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೆ ಎರಡೆರಡು ಟ್ರೇಲರು. ಪಕ್ಕದ ಸಂದಿಯಲ್ಲಿ ಸ್ಕೂಟಿ ನುಗ್ಗಿಸಿದೆ. ಜೀಪಿಗೆ ಆ ಸಂದಿ ಸಾಲದು.

ಊಟ ಹೋಯಿತು. ಡಬ್ಬಿ ಉಳಿಯಿತು!

ನಾನು ಯಾರು ಅಂತೀರಾ? ಬನಹಟ್ಟಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕಂಪ್ಯೂಟರ್ ಕೆಟ್ಟರೂ ಜನ ಬರುತ್ತಾರೆ, ಕೆಲಸ ಕೆಟ್ಟರೂ ಬರುತ್ತಾರೆ. ಎರಡನ್ನೂ ಬಿಚ್ಚಿ ನೋಡುತ್ತೇನೆ. ಹೋದ ವಾರ ಹಾಲವ್ವ ಬಂದಿದ್ದಳು.

ಹಾಲವ್ವ ಮದುವೆ ಮನೆಗಳಲ್ಲಿ ಹಾಡುವವಳು. ತಾನೇ ಕಟ್ಟಿದ ಒಂದು ಹಾಡನ್ನು ಸಂಜಯನ ಸ್ಟುಡಿಯೋದಲ್ಲಿ ಹಾಡಿ ಬಂದಿದ್ದಳು. ಅವನು "ನಿನ್ನ ದನಿ ಒಡದೈತಿ" ಎಂದು ಕಳಿಸಿದ. ಆಮೇಲೆ ಬೇರೊಬ್ಬಳಿಂದ ಹಾಡಿಸಿ, 'ರಚನೆ: ಸಂಜಯ' ಎಂದು ಹಾಕಿಕೊಂಡ. ಈಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳಲ್ಲೆಲ್ಲ ಅದೇ ಹಾಡು. ಕಡೆಯ ನುಡಿಯಲ್ಲಿ 'ಭೀಮಪ್ಪನ ಜೋಡಿ' ಬಂತೆಂದರೆ ಡ್ರೈವರುಗಳು ವಾಲ್ಯೂಮ್ ಇನ್ನಷ್ಟು ಏರಿಸುತ್ತಾರೆ!

"ಮೊನ್ನೆ ಬೀಳಗ್ಯಾಗ ಒಂದ್ ಮದಿವ್ಯಾಗ ಹಾಡಿದೆ ಮಧು. ಸಂಜಯನ ಹಾಡು ಕದ್ದಾಳ ಅಂದ್ರು... ನನಗ!"

ನನ್ನ ತಲೆ ಕಾದಿತು.

"ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕೂಣೇನು?"

"ಬ್ಯಾಡ. ರೆಕಾರ್ಡ್ ಮಾಡಿ ಒಂದ್ಸಲ ಕಳಕೊಂಡೀನಿ. ನಾ ಹಾಡೂ ಹೊತ್ತಿಗೇ ಮಂದಿ ಕೇಳಬೇಕು. ಹಂಗ ಆಗತೈತೇನು?"

ಆಗುತ್ತದೆ. ಅದಕ್ಕೆ ಲೈವ್ ಇಂಟರ್ನೆಟ್ ರೇಡಿಯೋ ಅನ್ನುತ್ತಾರೆ!

ಗಂಡ ನೇಯ್ದ ಸೀರೆಗಳ ಫೋಟೋ ನೆಟ್ಟಿಗೆ ಹಾಕಲೆಂದು ತಂದ ಹಳೇ ಕಂಪ್ಯೂಟರ್ ಅವಳ ಮನೆಯಲ್ಲಿತ್ತು. ಸೌಂಡ್ ಕಾರ್ಡ್ ಸತ್ತಿತ್ತು. ಜಮಖಂಡಿಯಲ್ಲಿ ಕಾರ್ಡ್ ಸಿಕ್ಕಿತು, ಸಿ.ಪಿ.ಯು ಒಯ್ದು ಅಲ್ಲೇ ಹಾಕಿ ಪರೀಕ್ಷಿಸಿದೆ. ಟ್ರ್ಯಾಕ್ಟರಿನವರ ವಾಟ್ಸಾಪ್ ಗ್ರೂಪುಗಳಿಗೆ ರೇಡಿಯೋದ ಲಿಂಕ್ ಆಗಲೇ ಹೋಗಿತ್ತು. ಹೇಗೋ ಅದು ಸಂಜಯನಿಗೂ ಮುಟ್ಟಿತ್ತು. ಅವನ ಕಣ್ಣು ತಪ್ಪಿಸಲು ಚಿಮ್ಮಡದ ಸುತ್ತುದಾರಿ ಹಿಡಿದೆ. ತಪ್ಪಲಿಲ್ಲ. ಅದೇ ಈ ನಾಯಿ ಪುರಾಣ.

ಹಾಲವ್ವನ ಮನೆ ತಲುಪಿದವಳೇ ಬಾಗಿಲು, ಕಿಟಕಿಗೆಲ್ಲ ಕೌದಿ ಕಟ್ಟಿದೆ. ಓಣಿಯ ಮಗ್ಗಗಳ ಸದ್ದು ಒಳಗೆ ಬರಬಾರದು. ಪಕ್ಕದ ಕೋಣೆಯಲ್ಲಿ ಅವಳ ಗಂಡನ ಮಗ್ಗ. ಓಣಿಯೆಲ್ಲ ಅವನನ್ನು ಕಾಕಾ ಅನ್ನುತ್ತದೆ. ಆ ಸದ್ದಿನಲ್ಲೇ ಆಯುಷ್ಯ ಕಳೆದು ಕಿವಿ ಮಂದ. ಕೈ ಸನ್ನೆ ಮಾಡಿದೆ. ಮಗ್ಗ ನಿಲ್ಲಿಸಿ ಸುಮ್ಮನೆ ಕುಳಿತ.

ಮೈಕು ಸೌಂಡ್ ಕಾರ್ಡಿಗೆ. ಕಂಪ್ಯೂಟರಿಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಹಾಲವ್ವನ ದನಿ ಇಲ್ಲಿಂದ ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಕೇಳುವವರ ಮೊಬೈಲಿಗೆ ಹಂಚಿಕೆಯಾಗಬೇಕು. ಈ ಸುತ್ತಾಟಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಇಲ್ಲಿ ಆಡಿದ ಮಾತು ಹೊರಗೆ ಕೇಳುವುದು ಅರ್ಧ ನಿಮಿಷ ತಡವಾಗಿ!

ಇದನ್ನು ನೆನಪಿಡಿ. ಸಂಜಯನಿಗೆ ಇದು ಗೊತ್ತಿರಲಿಲ್ಲ.

"ಮಧು... ಯಾರರೆ ಕೇಳಾಕತ್ತಾರೇನು?"

ಪರದೆ ನೋಡಿದೆ. ಕೇಳುಗರು ನಾಲ್ವರು... ನಲವತ್ತು... ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ!

"ಹಾಡಬೇ ಯವ್ವಾ. ಊರ ತುಂಬ ಕೇಳಾಕತ್ತಾರ."

ಮೊದಲ ನುಡಿ ನಡುಗಿತು. ಎರಡನೆಯದು ನಿಂತಿತು. ಮೂರನೆಯದರಲ್ಲಿ ದನಿ ಏರಿತು...

ಢಂ!

ಬಾಗಿಲು ಒದ್ದು ಸಂಜಯ ಒಳಗೆ ಬಂದ.

"ಬಂದ್ ಮಾಡ್ರಿ!"

ಗೋಡೆಯ ಬುಡದಲ್ಲಿ ದಪ್ಪದೊಂದು ಕರಿ ವೈರು ಕಂಡಿತು ಅವನಿಗೆ. ಎರಡೂ ಕೈಯಿಂದ ಹಿಡಿದು ಜಗ್ಗಿದ. ಮೇಲೆ ಸೂರಿನಿಂದಲೇ ಕಿತ್ತು ಬಂತು!

"ಆತು! ಮುಗೀತು ನಿಮ್ಮ ರೇಡಿಯೋ!"

ನಾನು ವೈರು ನೋಡಿದೆ. ಪರದೆ ನೋಡಿದೆ. ಹಣೆ ಹಣೆ ಬಡಿದುಕೊಂಡೆ.

"ಅಯ್ಯಯ್ಯೋ! ಎಲ್ಲಾ ಹಾಳ ಮಾಡಿದ್ಯಲ್ಲೋ ಮಾರಾಯಾ!"

ಹಾಲವ್ವನಿಗೆ ಮಾತ್ರ ಕಣ್ಣು ಮಿಟುಕಿಸಿದೆ. ಅವಳು ಜಾಣೆ. ಮೈಕಿನ ಹತ್ತಿರವೇ ಕುಳಿತಳು.

"ಹಾಡು ನಂದು," ಸಂಜಯ ಕುರ್ಚಿ ಎಳೆದು ಕುಳಿತ. "ಬರದಾಂವ ನಾ. ಇನ್ನೊಮ್ಮೆ ಹಾಡಿದ್ರ ನೆಟ್ಟಗಾಗೂದಿಲ್ಲ."

"ನೀನ ಬರದಿ ಅನ್ನು. ಹಂಗಾರ ಹೇಳು ಸಂಜಯಾ, ಕಡೇ ನುಡ್ಯಾಗ ಒಂದ್ ಹೆಸರು ಬರತೈತೆಲ್ಲ, ಅಂವ ಯಾರು?"

ಕೇಳುವಾಗ ಹಾಲವ್ವನ ಕೆನ್ನೆ ಕೆಂಪಾಗಿತ್ತು. ಯಾಕೆಂದು ಆಗ ನನಗೇ ಅರ್ಥವಾಗಲಿಲ್ಲ.

"ಭೀಮಪ್ಪ? ಯಾರೂ ಅಲ್ಲ. ಹಾಡಿಗೊಂದು ಹೆಸರು ಬೇಕಿತ್ತು, ಹಾಕೀನಿ."

"ಯಾರೂ ಅಲ್ಲ?"

"ಇಲ್ಲ ಬೇ! ಭೀಮಪ್ಪನೂ ಇಲ್ಲ, ಗೀಮಪ್ಪನೂ ಇಲ್ಲ!" ಜಂತಿ ನಡುಗುವಂತೆ ಕೂಗಿದ.

ಪಕ್ಕದ ಕೋಣೆಯ ಕೌದಿ ಸರಿಯಿತು. ಕೈಯಲ್ಲಿ ಮಗ್ಗದ ಲಾಳಿ ಹಿಡಿದು ಕಾಕಾ ಇಣುಕಿದ.

"ಯಾರ್ರೀ ಕರದವ್ರು? ಇಲ್ಲೇ ಅದೀನಲ್ಲ!"

ಕಾಕಾನ ಹೆಸರೇ ಭೀಮಪ್ಪ!

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ ಹೇಳಬೇಕು. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡ ನಿಂತು ಕೇಳುತ್ತಾರೆ. ಪ್ರಾಸ ಕೂಡಿಸಿ ಹೆಸರು ಹೇಳಿದರೇನೇ ಒಳಗೆ!

"ಈ ಮನಿ ಹೊಸ್ತಿಲದಾಗ ನಿಂತು ನಾ ಹೇಳಿದ ಒಡಪಲೇ ಅದು," ಎಂದಳು ಹಾಲವ್ವ. "ಉಳದ ಹಾಡು ಆಮ್ಯಾಲ ಕಟ್ಟೀನಿ. ಕೇಳು."

ಸೆರಗು ಸರಿಮಾಡಿಕೊಂಡಳು.

"ಮಗ್ಗದ ಎಳಿ ಹರದ್ರ ಹಾಕತೀನಿ ಗಂಟು,
ಭೀಮಪ್ಪನ ಜೋಡಿ ನನಗ ಜನುಮದ ನಂಟು."

ಕಾಕಾನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವಳ ಮುಖ ನೋಡಿದ. ಹೊಸ ಮದುಮಗನ ಹಾಗೆ ನಾಚಿದ. ನನ್ನ ಕಣ್ಣಲ್ಲಿ ನೀರು ಬಂತು. ಹೌದು, ನನ್ನ ಕಣ್ಣಲ್ಲೇ! ನಗಬೇಡಿ.

ಸಂಜಯ ಚೇತರಿಸಿಕೊಂಡ.

"ಛಲೋ ಐತಿ. ಆದ್ರ ಕೇಳಿದವ್ರು ಯಾರು? ನಾವ ನಾಕ ಮಂದಿ!"

"ತಡಿ," ಎಂದೆ. "ಬರತೈತಿ."

"ಏನ್ ಬರತೈತಿ?"

ಹೊರಗೆ ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರು. ಅದರ ಸೌಂಡ್ ಬಾಕ್ಸಿನಿಂದ, ಓಣಿ ಅದುರುವಂತೆ... ಸಂಜಯನದೇ ದನಿ!

"ಇಲ್ಲ ಬೇ! ಭೀಮಪ್ಪನೂ ಇಲ್ಲ, ಗೀಮಪ್ಪನೂ ಇಲ್ಲ!"

ಅದರ ಬೆನ್ನಿಗೇ ಕಾಕಾನ "ಇಲ್ಲೇ ಅದೀನಲ್ಲ!" ಆಮೇಲೆ ಹಾಲವ್ವನ ಒಡಪು. ಮುಂದಿನ ಟ್ರ್ಯಾಕ್ಟರಿನಲ್ಲೂ ಅದೇ. ಹಿಂದಿನದರಲ್ಲೂ ಅದೇ!

"ನಾ... ನಾ ವೈರ್ ಕಿತ್ತೀನಲ್ಲ!"

"ಅದು ಟಿ.ವಿ. ಕೇಬಲ್ಲು."

ಎಂಜಿನುಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿ ಒಬ್ಬ ಡ್ರೈವರ್ ಕಾಣಿಸಿಕೊಂಡ. ಗಿರಿಮಲ್ಲಪ್ಪ, ಬಾಗಿಲಿನಷ್ಟೇ ಅಗಲ. ಅವನ ಹಿಂದೆ ನಗುವ ಮುಖಗಳ ರಾಶಿ.

"ಸಂಜಯಣ್ಣಾ, ಭೀಮಪ್ಪ ಯಾರಂತ ನಮಗ ತಿಳೀತು. ನಿಮಗ?"

ಸಂಜಯ ಅವರನ್ನು ಸರಿಸಿ ಹೊರಗೆ ನುಗ್ಗಿದ. ಜೀಪಿನ ಹಿಂದೆ ಮುಂದೆ ಕಬ್ಬಿನ ಟ್ರೇಲರುಗಳು. ನಡೆದೇ ಹೋದ. ನಾಯಿ ಹೋಗಲಿಲ್ಲ, ನನ್ನ ಸ್ಕೂಟಿಯ ಹ್ಯಾಂಡಲ್ ಮೂಸುತ್ತಾ ಕುಳಿತಿತ್ತು!

ಹಾಲವ್ವ ಉಳಿದ ಹಾಡು ಹಾಡಿದಳು. ಕಡೆಯ ನುಡಿಗೆ ಹೊರಗಿನವರೆಲ್ಲ ದನಿಗೂಡಿಸಿದರು.

ಮರುದಿನ ಸಂಜಯ ಪೇಢೆಯ ಡಬ್ಬಿ ಹಿಡಿದು ಬಂದ. ಮೊಬೈಲ್ ತೋರಿಸಿದ. 'ರಚನೆ: ಹಾಲವ್ವ.'

"ತಪ್ಪಾತು ಬೇ."

"ಹಾಡಿಂದು ಬಿಡು, ಮರತೆ," ಎಂದಳು ಹಾಲವ್ವ. "ಆದ್ರ ನಿನ್ನಿ ನನ್ನ ಸೀರಿಯಲ್ ತಪ್ಪಿತು. ಮೊದಲ ಆ ವೈರ್ ಹಚ್ಚು!"

ಸಂಜಯ ಬಾಯಿಗೆ ಬಂದದ್ದು ಗೊಣಗುತ್ತಾ ಏಣಿ ಹತ್ತಿದ.

ನಾನು ಸುಮ್ಮನೆ ರೇಡಿಯೋದ ಮೈಕ್ ಆನ್ ಮಾಡಿದೆ!