ಮೀಸೆರಾಯನ ಮೀಸೆ

"ಮೀಸೆ ಇರೋ ಮೀನು ಅಂತ ಕೊಟ್ರಲ್ಲಾ... ಎಲ್ರೀ ಮೀಸೆ?"

ಗಾಜಿನ ಜಾಡಿ ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಪುಟ್ಟಿ ಬೆಚ್ಚಿ ತಲೆ ಎತ್ತಿದಳು. ಅಣ್ಣ ಊಟಕ್ಕೆ ಹೋಗಿದ್ದ. ಬಣ್ಣದ ಮೀನಿನ ಅಂಗಡಿಯಲ್ಲಿ ಅವಳೊಬ್ಬಳೇ. ಎದುರಿಗೆ ನಿಂತವನು ರಸ್ತೆಯಾಚೆಯ ಸಲೂನಿನವನು. ಜೇಬಲ್ಲಿ ಬಾಚಣಿಗೆ, ಮೂಗಿನ ತುದಿಯಲ್ಲಿ ಕೋಪ!

ಜಾಡಿಯ ತಳದಲ್ಲಿ ಹೆಬ್ಬೆರಳಷ್ಟು ಮೀನು ಸಪ್ಪಗೆ ಕೂತಿತ್ತು. ಬಾಯಿಯ ಪಕ್ಕದ ಮೀಸೆ ಸವೆದು ಮೊಂಡಾಗಿತ್ತು.

"ಕತ್ತರಿ ಹಿಡಿಯೋರು ನೀವು. ನನ್ನನ್ನ ಕೇಳ್ತೀರಲ್ಲ!"

"ಅಯ್ಯೋ, ನಾನ್ಯಾಕ್ರೀ ಮೀನಿನ ಮೀಸೆಗೆ ಕೈ ಹಾಕ್ಲಿ?" ಅವನ ಕೋಪವೆಲ್ಲ ಗಾಬರಿಯಾಯಿತು.

ಪುಟ್ಟಿ ನಗು ನುಂಗಿಕೊಂಡಳು. "ಇದು ತಳದಲ್ಲೇ ಓಡಾಡೋ ಮೀನು. ಮೀಸೆಯಿಂದ ಹರಳುಕಲ್ಲು ತಡಕಿ ಊಟ ಹುಡುಕುತ್ತೆ. ಕಲ್ಲಿನ ಸಂದೀಲಿ ಕೊಳಕು ನಿಂತ್ರೆ ಮೀಸೆ ಕೊಳೆತು ಹೋಗುತ್ತೆ. ತೊಟ್ಟಿ ಯಾವಾಗ ಕ್ಲೀನ್ ಮಾಡಿದ್ರಿ?"

"ಆ ಕೊಳಕು ತಿನ್ನೋಕೇ ಇದನ್ನ ತಂದಿದ್ದು..."

"ಚೆನ್ನಾಗಿದೆ! ಮೀನು ಸಾಕಿದ್ರೋ, ಕಸ ಗುಡಿಸೋಕೆ ಆಳು ಇಟ್ರೋ?"

ಅವನು ಮೀನನ್ನೇ ನೋಡಿದ. ಕಣ್ಣು ಒದ್ದೆಯಾಗಿತ್ತು. "ಮೀಸೆರಾಯ ಅಂತ ಹೆಸರಿಟ್ಟಿದ್ದೆ... ಉಳಿಯುತ್ತಾ?"

ಆ ಒಂದು ಮಾತಿಗೆ ಪುಟ್ಟಿಯ ಮನಸ್ಸು ಕರಗಿಹೋಯಿತು. ಸಂಜೆಯೇ ಪೈಪು ಹಿಡಿದು ಸಲೂನಿಗೆ ಹೋದಳು.

"ಪೈಪಿನ ಬಾಯಿ ಹರಳುಕಲ್ಲೊಳಗೆ ಒತ್ತಿ. ಕೊಳಕು ನೀರಿನ ಜೊತೆ ಬಕೆಟ್ಟಿಗೆ ಹೋಗುತ್ತೆ, ಕಲ್ಲು ಕೆಳಗೇ ಬೀಳುತ್ತೆ. ಇವತ್ತು ಅರ್ಧ ಸಾಕು, ಉಳಿದಿದ್ದು ಮುಂದಿನ ವಾರ. ಎಲ್ಲಾ ಒಟ್ಟಿಗೆ ತೊಳೆದ್ರೆ ನೀರಿನ ಹದ ಕೆಡುತ್ತೆ."

ಮುಂದಿನ ವಾರ ಹೋದಳು. ಅದರ ಮುಂದಿನ ವಾರವೂ ಹೋದಳು. ತೊಟ್ಟಿಯ ಹತ್ತಿರ ಅವಳು, ಬಕೆಟ್ಟಿನ ಹತ್ತಿರ ಅವನು, ನಡುವೆ ಪೈಪು. ಮೂಲೆಯ ಕುರ್ಚಿಯಲ್ಲಿ ಅವನ ಅಪ್ಪ. ಕೈ ನಡುಗಲು ಶುರುವಾದ ಮೇಲೆ ಕತ್ತರಿ ಮಗನಿಗೆ ಕೊಟ್ಟು, ದಿನವಿಡೀ ಮೀನು ನೋಡುತ್ತಾ ಕೂರುವ ಹಿರಿಯ.

'ಕ್ಲೀನ್ ಮಾಡೋದು ಅವನಿಗೆ ಕಲಿಸಿ ಆಯ್ತಲ್ಲ, ಇನ್ಯಾಕೆ ಹೋಗ್ತೀಯಾ?' ಪುಟ್ಟಿ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೇ ಕೆನ್ನೆ ಕೆಂಪಾಯಿತು!

ಆದರೆ ಮೀಸೆ ಮಾತ್ರ ಚಿಗುರಲಿಲ್ಲ. ಒಂದು ದಿನ ತೊಟ್ಟಿಯ ಮೂಲೆಯ ಕಲ್ಲು ಕೆದಕಿದರೆ... ಕೊಳೆತ ಬಿಸ್ಕತ್ತು! ಯಾರೋ ಬೇಕಂತಲೇ ಹೂತಿದ್ದರು.

"ಯಾರು ಹಾಕಿದ್ದು ಇದನ್ನ?"

ಅವನು ಮೂಲೆಯ ಕುರ್ಚಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. "ನಾನೇ... ಕೊಳಕಾದ್ರೆ ನೀವು ಬರ್ತೀರಲ್ಲ ಅಂತ."

ಪುಟ್ಟಿಗೆ ಎದೆಗೆ ಒದ್ದ ಹಾಗಾಯಿತು. 'ತನ್ನ ಆಸೆಗೆ ಮೂಕ ಜೀವವನ್ನ ನೋಯಿಸೋನು, ನಾಳೆ ನನ್ನನ್ನ ಬಿಡ್ತಾನಾ?'

"ಇನ್ಮೇಲೆ ಬರಲ್ಲ" ಎಂದವಳೇ ಪೈಪನ್ನು ಅಲ್ಲೇ ಬಿಟ್ಟು ಹೊರಟಳು.

ಬರಲಿಲ್ಲ ಕೂಡ. ಅಂಗಡಿಯಲ್ಲಿ ಕೂತು ಎದುರು ಸಾಲಿನತ್ತ ಕಣ್ಣೆತ್ತದೆ ವಾರಗಳನ್ನು ತಳ್ಳಿದಳು. ಹಟವೇನೋ ಗೆದ್ದಿತು, ಅನ್ನ ಮಾತ್ರ ತಟ್ಟೆಯಲ್ಲೇ ಉಳಿಯುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಅವನ ಅಪ್ಪ ಕೋಲೂರಿಕೊಂಡು ಅಂಗಡಿಗೇ ಬಂದರು.

"ಬಿಸ್ಕತ್ತು ಹಾಕಿದ್ದು ನಾನಮ್ಮ."

"ಏನು... ನೀವಾ?"

"ನೀನು ಬರೋ ದಿನ ಅವನು ಶಿಳ್ಳೆ ಹಾಕ್ತಾ ಕತ್ತರಿ ಆಡಿಸ್ತಿದ್ದ. ಬಾಯಿ ಬಿಟ್ಟು ಹೇಳೋ ಜಾತಿ ಅಲ್ಲ ಅವನು. ತೊಟ್ಟಿ ಕ್ಲೀನಾದ್ರೆ ನೀನು ಬರೋದು ನಿಲ್ಲುತ್ತೆ ಅಂತ ಈ ಮುದುಕನ ತಲೆಗೆ ಹೊಳೀತು. ಮೀನಿಗೆ ನೋವಾಗುತ್ತೆ ಅಂತ ಗೊತ್ತಿರಲಿಲ್ಲ, ತಾಯಿ. ನನ್ನ ಮಾನ ಉಳಿಸೋಕೆ ಅವನು ತಪ್ಪು ಮೈಮೇಲೆ ಹಾಕ್ಕೊಂಡ."

ಪುಟ್ಟಿ ಅಂಗಡಿಯನ್ನು ಅಣ್ಣನಿಗೆ ಒಪ್ಪಿಸಿ ರಸ್ತೆ ದಾಟಿ ಓಡಿದಳು!

ಅವನು ಯಾರದೋ ಗಡ್ಡ ಅರ್ಧ ಹೆರೆದಿದ್ದ. ಅವಳನ್ನು ಕಂಡವನೇ ನಿಂತಲ್ಲೇ ನಿಂತ. ಪುಟ್ಟಿ ಸೀದಾ ತೊಟ್ಟಿಯ ಮುಂದೆ ಬಗ್ಗಿದಳು. ಕಲ್ಲು ಫಳಫಳ ಹೊಳೆಯುತ್ತಿತ್ತು. ಮೀಸೆರಾಯ ಕಲ್ಲು ತಡಕುತ್ತಾ ಬಂದ... ಬಾಯಿಯ ಪಕ್ಕದಲ್ಲಿ ನೂಲಿನಂಥ ಎಳೆ ಮೀಸೆ!

"ಇಷ್ಟು ದಿನ ಯಾರು ಕ್ಲೀನ್ ಮಾಡಿದ್ದು?"

"ನಾನೇ. ವಾರ ವಾರ ಅರ್ಧರ್ಧ... ನೀವು ಹೇಳಿಕೊಟ್ಟ ಹಾಗೇ."

"ಕ್ಲೀನಾಗಿದ್ರೆ ನಾನು ಬರೋಕೆ ಕಾರಣವೇ ಇರಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಅವನು ಕೈಯಲ್ಲಿದ್ದ ಕ್ಷೌರದ ಕತ್ತಿ ಕೆಳಗಿಟ್ಟ. "ಪೈಪು ಎತ್ತಿದಾಗೆಲ್ಲಾ ಅದೇ ನೆನಪಾಗೋದು. ಆದ್ರೂ ಅದರ ಮೀಸೆ ಬರಲಿ ಅಂತ..."

ಪುಟ್ಟಿಯ ಕಣ್ಣು ತುಂಬಿ ಬಂತು. ನೋಯಿಸುವ ಕೈ ಅಲ್ಲ ಇದು... ಅಲ್ಲವೇ ಅಲ್ಲ!

"ಏನಪ್ಪಾ, ನನ್ನ ಇನ್ನೊಂದು ಕೆನ್ನೆ..." ಎಂದರು ಅರ್ಧ ಗಡ್ಡದ ಗಿರಾಕಿ.

"ಸ್ವಲ್ಪ ಸುಮ್ನಿರಿ ಸಾರ್!" ಇಬ್ಬರೂ ಒಟ್ಟಿಗೇ ಗದರಿದರು.

"ಇಲ್ಲಿ ಈಗ ನಿಮಗೆ ಮಾಡೋಕೆ ಕೆಲಸವೇ ಇಲ್ಲ..." ಅವನು ಮೆಲ್ಲಗೆ ಹೇಳಿದ.

"ಕೆಲಸ ಇಲ್ದೇನೂ ಬರ್ತೀನಿ. ದಿನಾ ಬರ್ಲಾ?"

"ಬೇಡ."

ಪುಟ್ಟಿಯ ಮುಖ ಬಾಡಿತು.

"ಬಂದು ಬಂದು ಹೋಗೋದು ಬೇಡ... ನಮ್ಮ ಜೊತೆಗೇ ಇದ್ಬಿಡ್ತೀರಾ?"